ತಾಲ್ಲೂಕು ಟೈಮು

ಅಜ್ಜಂಪುರದ ಖಾಸಗಿ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿದ್ದ ಧನಪಾಲ್ ಸುಳ್ಳುಗಾರನಲ್ಲ. ಆದರೆ ದೊಡ್ಡವರು ಯಾರಾದರೂ ಎದುರಿಗೆ ಕೂತು "ನಿಂಗಿದು ಬರುತ್ತೇನಪ್ಪಾ?" ಎಂದು ಕೇಳಿದರೆ, "ಬರಲ್ಲ" ಎನ್ನುವ ಮಾತು ಅವನ ಗಂಟಲಲ್ಲೇ ಸಿಕ್ಕಿಕೊಂಡು ಬಾಯಿಂದ ಬೇರೇನೋ ಹೊರಬೀಳುತ್ತಿತ್ತು. ಹಾಗೆ ಸಿಕ್ಕಿಕೊಂಡೇ ಅವನು ಒಮ್ಮೆ ಮದುವೆ ಮನೆಯಲ್ಲಿ ವಾಲಗದವರ ಡೋಲು ಬಾರಿಸಿದ್ದ. ಇನ್ನೊಮ್ಮೆ ಮಾವ ಚೌಡಪ್ಪನ ಟ್ರ್ಯಾಕ್ಟರನ್ನು ನೇರವಾಗಿ ಕೆರೆಗೆ ಇಳಿಸಿದ್ದ. ಡೋಲಿನ ಪೆಟ್ಟಿನಿಂದ ಮದುವೆಯೂ ಕೆರೆಯಿಂದ ಟ್ರ್ಯಾಕ್ಟರೂ ಹೇಗೋ ಹೊರಬಂದವು. ಮೂರನೆಯ ಸಲ ಅವನ ಬಾಯಿಂದ ಹೊರಬಿದ್ದದ್ದು ಲಿನಕ್ಸ್.

ಅದಕ್ಕೆ ಕಾರಣ ಎರಡು ಬಸ್ಸು. ಬೆಳಿಗ್ಗೆ ಎಂಟು ಹತ್ತಕ್ಕೆ 'ಹೊಂಬೆಳಕು', ಎಂಟು ಇಪ್ಪತ್ತಕ್ಕೆ 'ಗೌರಿಪುತ್ರ', ಎರಡೂ ತರೀಕೆರೆಗೆ. ಹೊಂಬೆಳಕು ಒಂದು ನಿಮಿಷ ಹೆಚ್ಚಿಗೆ ನಿಂತರೆ ಗೌರಿಪುತ್ರಕ್ಕೆ ಬರಬೇಕಾದ ನಾಲ್ಕು ಜನ ಇದಕ್ಕೇ ಹತ್ತಿಬಿಡುತ್ತಾರೆ. ಹಾಗಾಗಿ ಹೊಂಬೆಳಕಿನ ಕಂಡಕ್ಟರ್ ಬಸವೇಶನಿಗೂ ಗೌರಿಪುತ್ರದ ಕಂಡಕ್ಟರ್ ರುದ್ರಮೂರ್ತಿಗೂ ದಿನಾ ಬೆಳಿಗ್ಗೆ ಅಜ್ಜಂಪುರಕ್ಕೆಲ್ಲ ಕೇಳುವಂತೆ ಜಗಳ. ಧನಪಾಲ್ ವಿಷಲ್ ಊದಿದರೆ ಬೇಗ ಊದಿದ ಎಂದು ಒಬ್ಬ, ತಡವಾಗಿ ಊದಿದ ಎಂದು ಇನ್ನೊಬ್ಬ. ದೂರು ತರೀಕೆರೆಯಲ್ಲಿದ್ದ ಬಸ್ ಮಾಲೀಕರ ಸಂಘದ ಕಚೇರಿಗೆ ಹೋಯಿತು. ಅಧ್ಯಕ್ಷರಾದ ಪಂಚಾಕ್ಷರಪ್ಪನವರು ಸಭೆ ಕರೆದರು.

"ಮನುಷ್ಯನ ಬಾಯಿ ಇರೋ ತಂಕ ಜಗಳ ನಿಲ್ಲಲ್ಲ. ಕಂಪ್ಯೂಟರ್ ಇಡೋಣ. ಟೈಮು ಅದೇ ತೋರಿಸ್ಲಿ, ಬಸ್ಸು ಅದೇ ಕೂಗ್ಲಿ" ಎಂದು ಅಪ್ಪಣೆ ಕೊಟ್ಟ ಅಧ್ಯಕ್ಷರು ಧನಪಾಲನ ಕಡೆ ತಿರುಗಿದರು. "ನಿಂಗೆ ಕಂಪ್ಯೂಟರ್ ಬರುತ್ತೇನಪ್ಪಾ? ಬರಲ್ಲ ಅಂದ್ರೆ ಬರೋರನ್ನ ಹುಡುಕೋಣ."

ಬರುವವರನ್ನು ಹುಡುಕಿದರೆ ತಾನು ಎಲ್ಲಿಗೆ ಹೋಗಬೇಕು?  ಎಂದೋ ಸೈಬರ್ ಅಂಗಡಿಯಲ್ಲಿ ಆಧಾರ್ ತಿದ್ದಿಸಲು ಕೂತಿದ್ದಾಗ ಪಕ್ಕದವರು ಆಡಿಕೊಂಡ ಮಾತೊಂದು ನೆನಪಾಯಿತು.

"ಲಿನಕ್ಸೇ ಬತ್ತದೆ ಸಾರ್" ಎಂದುಬಿಟ್ಟ.

 "ಅಂಗಂದ್ರೆ?" ಎಂದರು ಅಧ್ಯಕ್ಷರು.

"ವಿಂಡೋಸ್ ಇದ್ದಂಗೇ ಸಾರ್. ಆದ್ರೆ ಇದು ಫ್ರೀ."

ಆ ಕಡೆಯ ಪದ ಕೇಳಿದ ಮೇಲೆ ಸಂಘದಲ್ಲಿ ಬೇರೆ ಚರ್ಚೆ ನಡೆಯಲಿಲ್ಲ.

ಕಡೂರಿನಿಂದ ಒಬ್ಬ ತಂತ್ರಜ್ಞ ಬಂದು ಕಂಪ್ಯೂಟರ್ ಇಟ್ಟು, ಕಂಬಕ್ಕೆ ಕೆಂಪು ಅಂಕಿಯ ದೊಡ್ಡ ಬೋರ್ಡು, ಸ್ಪೀಕರು ಕಟ್ಟಿ, ಅದನ್ನು ತರೀಕೆರೆ ಕಚೇರಿಯ ಕಂಪ್ಯೂಟರಿಗೂ ಜೋಡಿಸಿ ಹೋದ. ಈ ಕಂಪ್ಯೂಟರಿನೊಳಗೆ 'ಟೈಮ್‌ಸಿಂಕ್' ಎನ್ನುವ ಒಂದು ಏರ್ಪಾಡು ಇತ್ತು. ಆಗಾಗ ಇಂಟರ್ನೆಟ್ಟಿನಲ್ಲಿ ಸರಿಯಾದ ಸಮಯ ಕೇಳಿ ಗಡಿಯಾರವನ್ನು ತಿದ್ದುವುದಷ್ಟೇ ಅದರ ಕೆಲಸ. ಸಮಯವಾದಾಗ ಸ್ಪೀಕರಿನಲ್ಲಿ ಹೆಣ್ಣುದನಿಯೊಂದು ಬಸ್ಸಿನ ಹೆಸರು ಕೂಗುತ್ತಿತ್ತು. ಕೂಗಿದ ಮೇಲೂ ನಿಂತ ಬಸ್ಸಿಗೂ, ಕೂಗುವಾಗ ನಿಲ್ದಾಣದಲ್ಲೇ ಇರದ ಬಸ್ಸಿಗೂ ಕೆಂಪು ಗುರುತು. ಗುರುತು ಹಾಕುವವನು ಧನಪಾಲ್. ಗುರುತು ಬಿದ್ದ ಬಸ್ಸು ಮಾರನೇ ದಿನ ಸರದಿಯಲ್ಲಿ ಹಿಂದಕ್ಕೆ. ಹೆಂಡತಿ ಶ್ರುತಿ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು ಧನಪಾಲ್ ಕಂಪ್ಯೂಟರಿನ ಮುಂದೆ ಕೂತ ದಿನ ಅವನ ತಾಯಿ ತಿಪ್ಪಮ್ಮ ದೃಷ್ಟಿ ತೆಗೆದಳು. ಮಗನಿಗೆ ತೆಗೆದು, ಉಳಿದದ್ದನ್ನು ಕಂಪ್ಯೂಟರಿಗೂ ತೆಗೆದಳು.

ಉದ್ಘಾಟನೆಯ ದಿನವೇ ಅಧ್ಯಕ್ಷರ ಫೋನು ಬಂತು. ಪಂಚಾಕ್ಷರಪ್ಪನವರು ಮೊಬೈಲನ್ನು ತಾವೇ ಮುಟ್ಟುವವರಲ್ಲ. ಅದು ಕಚೇರಿ ಗುಮಾಸ್ತ ಶಿವಪ್ರಸಾದನ ಜೇಬಿನಲ್ಲಿರುತ್ತಿತ್ತು. ಬೇಕಾದಾಗ ಅವನು ನಂಬರು ಒತ್ತಿ ಅವರ ಬಾಯಿಯ ಹತ್ತಿರ ಹಿಡಿಯುತ್ತಿದ್ದ.

"ಬೋರ್ಡಲ್ಲಿ ಎಷ್ಟಪ್ಪಾ?"

"ಒಂಬತ್ತು ಗಂಟೆ ಸಾರ್."

"ಒಂಬತ್ತಾ? ಇಲ್ಲಿ ನಮ್ಮ ಕಚೇರಿ ಗಡಿಯಾರದಲ್ಲಿ ಒಂಬತ್ತು ಹತ್ತು! ನನ್ನ ಕೈಗಡಿಯಾರದಲ್ಲೂ ಒಂಬತ್ತು ಹತ್ತು! ಅಧ್ಯಕ್ಷರ ಕಚೇರಿಗಿಂತ ಹತ್ತು ನಿಮಿಷ ಹಿಂದೆ ಇರೋ ನಿಲ್ದಾಣ ಅದ್ಯಾವ ಸೀಮೆ ನಿಲ್ದಾಣ? ನಾಳೆ ಹೊತ್ತಿಗೆ ನಮ್ಮ ಕಚೇರಿ ಟೈಮೇ ಅಲ್ಲೂ ಇರಬೇಕು. ಲಿನಕ್ಸ್ ಬತ್ತದೆ ಅಂದಿದ್ದೆಯಲ್ಲ?"

ಕಡೂರಿನವನನ್ನು ಕರೆದರೆ ಗುಟ್ಟು ರಟ್ಟಾಗುತ್ತದೆ. ಧನಪಾಲ್ ಯೂಟ್ಯೂಬಿನ ಮೊರೆ ಹೋದ. ಅಲ್ಲಿ ಯಾರೋ ಹಿಂದಿಯಲ್ಲಿ 'ಕ್ರೋನಿ' ಎನ್ನುವ ಇನ್ನೊಂದು ಏರ್ಪಾಡನ್ನು ವಿವರಿಸುತ್ತಿದ್ದ. ಬೇಕಾದ ಕಂಪ್ಯೂಟರಿನಿಂದ ಸಮಯ ಕೇಳಿ ಇಲ್ಲಿಯ ಗಡಿಯಾರ ತಿದ್ದುವಂಥದ್ದು ಅದು. ಧನಪಾಲನಿಗೆ ಹಿಂದಿ ಅರ್ಧ, ಇಂಗ್ಲಿಷ್ ಕಾಲು. ಉಳಿದದ್ದನ್ನು ಧೈರ್ಯದಿಂದ ತುಂಬಿಕೊಂಡು ಟೈಪು ಮಾಡಿದ. ಶಿವಪ್ರಸಾದನಿಗೂ ಫೋನು ಮಾಡಿ ತರೀಕೆರೆಯ ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಟೈಪು ಮಾಡಿಸಿದ. ಶಿವಪ್ರಸಾದ ಯಾಕೋ "ಇದು ಬೇಕಾ ಧನಣ್ಣ? ಬ್ಯಾರೆ ದಾರಿ ಇಲ್ವಾ?" ಎಂದು ಗೊಣಗುತ್ತಲೇ ಟೈಪು ಮಾಡಿದ.

ವಿಡಿಯೋದವನು ಕೊನೆಗೆ, ಹಳೆಯ ಟೈಮ್‌ಸಿಂಕನ್ನು ನಿಲ್ಲಿಸಿ, ಎರಡೂ ಒಟ್ಟಿಗೆ ಇರಬಾರದು ಎಂದ. ಧನಪಾಲ್ ಅಲ್ಲಿಗೆ ವಿಡಿಯೋ ನಿಲ್ಲಿಸಿದ. ಇದ್ದದ್ದನ್ನು ಕಳೆಯುವ ಅಭ್ಯಾಸ ಅವರ ವಂಶದಲ್ಲೇ ಇರಲಿಲ್ಲ. ಕೆಟ್ಟ ರೇಡಿಯೋ ಕೂಡ ಅವರ ಮನೆಯ ಅಟ್ಟದಲ್ಲಿ ಗೌರವದಿಂದ ಕೂತಿತ್ತು. ಒಂದು ಕೈ ಕೊಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ, ಎರಡೂ ಇರಲಿ ಎಂದುಕೊಂಡು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದ.

ಬೆಳಿಗ್ಗೆ ಬೋರ್ಡು ಎಂಟು ಹತ್ತು ತೋರಿಸಿತು. ಸ್ಪೀಕರು "ಹೊಂಬೆಳಕು" ಎಂದಿತು. ಬಸವೇಶ್ "ರೈಟ್" ಎಂದ. ಬಸ್ಸು ಹೊರಟಿತು. ಧನಪಾಲ್ ಬೀಗಿದ. ಬೀಗಿ ಮುಗಿಯುವುದರೊಳಗೆ ಕ್ರೋನಿ ತರೀಕೆರೆಯನ್ನು ಕೇಳಿತು. ಬೋರ್ಡು ಒಮ್ಮೆಲೇ ಎಂಟು ಇಪ್ಪತ್ತಕ್ಕೆ ನೆಗೆಯಿತು. "ಗೌರಿಪುತ್ರ" ಎಂದಿತು ಸ್ಪೀಕರು. ಆಗಷ್ಟೇ ಇಡ್ಲಿ ಮುರಿದಿದ್ದ ರುದ್ರಮೂರ್ತಿ ಕೈ ತೊಳೆಯದೆ ಓಡಿದ. ಖಾಲಿ ಬಸ್ಸು ಹೊಂಬೆಳಕಿನ ಬೆನ್ನಿಗೇ ಹೊರಟಿತು. ಅಷ್ಟರಲ್ಲಿ ಟೈಮ್‌ಸಿಂಕ್ ಎಚ್ಚೆತ್ತು, ಇದ್ಯಾರಪ್ಪ ನನ್ನ ಗಡಿಯಾರ ಕೆಡಿಸಿದವರು ಎಂಬಂತೆ ಬೋರ್ಡನ್ನು ಮತ್ತೆ ಎಂಟು ಹತ್ತಕ್ಕೆ ಎಳೆಯಿತು.

"ಹೊಂಬೆಳಕು" ಎಂದು ಸ್ಪೀಕರು ಮತ್ತೆ ಕೂಗಿತು.

ಹೊಂಬೆಳಕು ಎಲ್ಲಿದೆ? ಊರ ಹೊರಗಿನ ರೈಲ್ವೆ ಗೇಟು ದಾಟುತ್ತಿದೆ. ಕೂಗುವಾಗ ಬಸ್ಸು ನಿಲ್ದಾಣದಲ್ಲಿ ಇಲ್ಲದ ಕಾರಣ ನಿಯಮದಂತೆ ಅದಕ್ಕೆ ಕೆಂಪು ಗುರುತು ಬಿತ್ತು. ಮತ್ತೆ ಎಂಟು ಇಪ್ಪತ್ತಾಯಿತು. ಗೌರಿಪುತ್ರಕ್ಕೂ ಬಿತ್ತು. ಇರದ ಎರಡು ಬಸ್ಸುಗಳನ್ನು ಅಲ್ಲಿಂದ ಮುಂದೆ ಸ್ಪೀಕರು ಸರದಿಯ ಮೇಲೆ ಕೂಗುತ್ತಲೇ ಇತ್ತು. ಜನ ಕೂಗಿದ ಕಡೆಗೆಲ್ಲ ಓಡಿದರು. ತೆಂಗಿನಕಾಯಿ ಚೀಲ ಹೊತ್ತು ಪಕ್ಕದ ಶಿವನಿ ಊರಿನಿಂದ ಬಂದಿದ್ದ ಕಾಶಮ್ಮಜ್ಜಿ ನಾಲ್ಕು ಸಲ ಎದ್ದು ನಾಲ್ಕು ಸಲ ಕೂತಳು.

"ಲೇ ತಮ್ಮಾ, ಗಂಟೆ ಎಷ್ಟೋ?"

"ಎಂಟು ಹತ್ತು ಅಜ್ಜಿ."

"ಆಗ್ಲೇ ಎಂಟು ಇಪ್ಪತ್ತು ಅಂದ್ಯಲ್ಲೋ!"

"ಆಗ ಎಂಟು ಇಪ್ಪತ್ತೇ ಇತ್ತಜ್ಜಿ. ಈಗ ಎಂಟು ಹತ್ತಾಗದೆ."

ಕಾಶಮ್ಮಜ್ಜಿ ಅವನ ಮುಖವನ್ನೇ ನೋಡಿ, "ಮನೇಲಿ ಎಲ್ಲಾ ಚೆನ್ನಾಗವ್ರಾ?" ಎಂದು ಮರುಕದಿಂದ ಕೇಳಿದಳು.

ಸಂಜೆ ಎರಡೂ ಬಸ್ಸು ಹಿಂದಿರುಗಿದಾಗ ಇಬ್ಬರು ಕಂಡಕ್ಟರಿಗೂ ಕೆಂಪು ಗುರುತಿನ ಸುದ್ದಿ ತಿಳಿಯಿತು. ಅವರು ಮಾತಾಡಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಧನಪಾಲ್ "ಸರ್ವರ್ ಪ್ರಾಬ್ಲಮ್" ಎಂದ. ಯಾವ ಬ್ಯಾಂಕಿಗೆ ಹೋದರೂ ಈ ಮಾತಿಗೆ ಜನ ತಲೆತಗ್ಗಿಸಿ ವಾಪಸ್ಸು ಬರುವುದನ್ನು ಅವನು ನೋಡಿದ್ದ. ಆದರೆ ಕಂಡಕ್ಟರುಗಳು ತಗ್ಗುವ ಜಾತಿಯವರಲ್ಲ. "ಸ್ಯಾಟಲೈಟ್ ಕಣ್ರೋ" ಎಂದ. ಅದೂ ನಾಟಲಿಲ್ಲ. ಮೊಬೈಲ್ ತೆಗೆದು ತೋರಿಸಿದವರಿಗೆ, "ಅದು ಕಂಪನಿ ಟೈಮು. ಇದು ಅಜ್ಜಂಪುರದ ಟೈಮು" ಎಂದುಬಿಟ್ಟ.

ಈ ಮಾತು ಹೋಟೆಲಿನವನ ಕಿವಿಗೆ ಬಿತ್ತು. ಅಲ್ಲಿಗೆ ಮುಗಿಯಿತು.

ಅಜ್ಜಂಪುರ ತಾಲ್ಲೂಕಾಗಿ ಬಹಳ ವರ್ಷವೇನೂ ಆಗಿರಲಿಲ್ಲ. ತಾಲ್ಲೂಕಾದ ಮೇಲೆ ಏನೇನು ಬರುತ್ತದೆ ಎಂದು ಜನ ಇನ್ನೂ ಕಾಯುತ್ತಲೇ ಇದ್ದರು. ಈಗ ಟೈಮೂ ಬೇರೆ ಬಂದಿದೆ ಎಂಬ ಸುದ್ದಿ ಮಧ್ಯಾಹ್ನದ ಬಿಸಿಲಿನಂತೆ ಊರೆಲ್ಲ ಹರಡಿತು. "ತಾಲ್ಲೂಕು ಟೈಮು ಅಂತ ಕಣ್ರೀ. ಇಷ್ಟು ದಿನ ತರೀಕೆರೆಯೋರು ನಮ್ಮ ಹತ್ತು ನಿಮಿಷ ತಿಂದಿದ್ರಂತೆ" ಎಂದು ಕ್ಷೌರದಂಗಡಿಯಲ್ಲಿ ಒಬ್ಬರು ಕತ್ತಿಯ ಕೆಳಗೆ ಕೂತೇ ಆವೇಶಗೊಂಡರು. ಧನಪಾಲನ ಷಡ್ಡಕ ಚಂದ್ರಕುಮಾರ್ ಬೈಕಿನಲ್ಲಿ ಹುಡುಕಿಕೊಂಡು ಬಂದ.

"ಭಾವ, ಮಗೀನ ಜಾತಕ ಬರೆಸ್ಬೇಕು. ಹುಟ್ಟಿದ್ದು ಇಲ್ಲೇ ಆಸ್ಪತ್ರೇಲಿ. ಜೋಯಿಸರು ಕೇಳ್ತಾವ್ರೆ, ಹಳೇ ಟೈಮ್ ಹಾಕ್ಲಾ, ತಾಲ್ಲೂಕು ಟೈಮ್ ಹಾಕ್ಲಾ ಅಂತ. ಹಳೇದ್ರಲ್ಲಿ ಮೂಲಾ ನಕ್ಷತ್ರ ಬತ್ತದಂತೆ. ತಾಲ್ಲೂಕಿಂದ್ರಲ್ಲಿ ತಪ್ಪಿಸ್ಕಂತದೆ."

"ತಾಲ್ಲೂಕಿಂದೇ ಹಾಕ್ಸು" ಎಂದ ಧನಪಾಲ್. ಒಂದು ಮಗುವಿಗಾದರೂ ಒಳ್ಳೆಯದಾಗಲಿ.

ಮಾರನೇ ದಿನ ಸರದಿಯಲ್ಲಿ ಹಿಂದೆ ಹೋಗಬೇಕಾದ ಬಸ್ಸು ಎರಡೂ ಆಗಿದ್ದರಿಂದ, ಯಾರ ಹಿಂದೆ ಯಾರು ಎಂಬುದು ತೀರ್ಮಾನವಾಗದೆ ಎರಡೂ ಒಟ್ಟಿಗೇ ಹೊರಟವು. ನಿಲ್ದಾಣದ ಬಾಯಿಯಲ್ಲಿ ಒಂದರ ಮೂತಿ ಇನ್ನೊಂದರ ಪಕ್ಕೆಗೆ ತಾಗುವಂತೆ ನಿಂತವು. ಹಿಂದೆ ಬೀರೂರು ಬಸ್ಸು, ಅದರ ಹಿಂದೆ ಶಾಲಾ ವ್ಯಾನು, ಮುಂದೆ ಹುಲ್ಲಿನ ಲಾರಿ. ಪೊಲೀಸಿನವರು ಬಂದರು. ದಫೇದಾರರು ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆಯತೊಡಗಿದರು.

"ಗಲಾಟೆ ಶುರುವಾಗಿದ್ದು ಎಷ್ಟೊತ್ತಿಗೆ?"

"ಎಂಟು ಹತ್ತು ಸಾರ್" ಎಂದ ಬಸವೇಶ್.

"ಎಂಟು ಇಪ್ಪತ್ತು ಸಾರ್" ಎಂದ ರುದ್ರಮೂರ್ತಿ.

ದಫೇದಾರರು ಬೋರ್ಡು ನೋಡಿ ಎಂಟು ಇಪ್ಪತ್ತೈದು ಎಂದು ಬರೆದರು. ಪೆನ್ನು ಎತ್ತಿ ಮತ್ತೆ ನೋಡಿದರೆ ಎಂಟು ಹದಿನೈದು. "ಇದೇನಯ್ಯಾ, ನಾನು ಬರೋಕ್ ಮುಂಚೆನೇ ಗಲಾಟೆ ಮುಗ್ದೋಯ್ತಾ, ಶುರುವಾಗೋಕ್ ಮುಂಚೆನೇ ನಾನ್ ಬಂದೆನಾ?" ಎಂದು ಯೋಚಿಸಿ, ಅಂಥ ಕೇಸು ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂದು ಕಾಗದ ಮಡಚಿ ಜೇಬಿಗಿಟ್ಟರು. ಬಸ್ಸು ಬಿಡಿಸಿದ್ದಷ್ಟೇ ಲಾಭ.

ಅಂದು ಸಂಜೆ ನಿಲ್ದಾಣಕ್ಕೆ ಬಂದವರು ಭುವನಾ. ತರೀಕೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಅವರು ದಿನಾ ಹೊಂಬೆಳಕಿನಲ್ಲಿ ಹೋಗಿಬರುವವರು. ಎಂದೂ ಯಾರ ಮೇಲೂ ಏರುದನಿಯಲ್ಲಿ ಮಾತಾಡಿದವರಲ್ಲ. ಆ ದಿನ ಧನಪಾಲನ ಮೇಜಿನ ಮುಂದೆ ನಿಂತು ಒಮ್ಮೆ ಬೋರ್ಡನ್ನೂ ಒಮ್ಮೆ ಅವನನ್ನೂ ನೋಡಿದರು. ಧನಪಾಲನಿಗೆ ಕಂಡಕ್ಟರುಗಳ ಬೈಗುಳವೇ ವಾಸಿ ಎನಿಸಿತು.

"ಇವತ್ತು ನನ್ನ ಮಕ್ಕಳಿಗೆ ಪ್ರಾಕ್ಟಿಕಲ್ ಪರೀಕ್ಷೆ ಇತ್ತು ಧನಪಾಲ್. ಹೊರಗಿಂದ ಬಂದಿದ್ದ ಪರೀಕ್ಷಕರು ನನಗಾಗಿ ಕಾದು ಕಾದು ಸಿಟ್ಟಾಗಿದ್ರು. ನಾನು ಹೋಗೋ ಹೊತ್ತಿಗೆ ಹುಡುಗೀರು ಕೆಲವರು ಅಳ್ತಾ ಕೂತಿದ್ರು. ಹೇಗೋ ಕಾಡಿ ಬೇಡಿ ಪರೀಕ್ಷೆ ನಡೆಸ್ದೆ. ಈ ಗಡಿಯಾರಕ್ಕೆ ಏನಾಗಿದೆ?"

"ಸ್ಯಾಟಲೈಟ್ ಮೇಡಂ…"

"ಯಾವ ಸ್ಯಾಟಲೈಟ್?"

"ಅದು… ಲಿನಕ್ಸ್ ಸ್ಯಾಟಲೈಟ್."

ಭುವನಾ ಕಣ್ಣು ಮುಚ್ಚಿ ತೆರೆದರು. "ಸ್ವಲ್ಪ ಏಳ್ತೀರಾ?" ಎಂದು ಅವನ ಕುರ್ಚಿಯಲ್ಲಿ ಕೂತು ಒಂದೆರಡು ಸಾಲು ಟೈಪು ಮಾಡಿ ಪರದೆಯನ್ನು ಅವನ ಕಡೆ ತಿರುಗಿಸಿದರು.

"ನೋಡಿ, ಗಡಿಯಾರ ಒಂದು. ಅದನ್ನ ತಿದ್ದೋರು ಇಬ್ರು. ಟೈಮ್‌ಸಿಂಕ್ ಇಂಟರ್ನೆಟ್ ಕೇಳಿ ಹಿಂದಕ್ಕೆ ಎಳೀತಿದೆ, ಕ್ರೋನಿ ಇನ್ಯಾವುದೋ ಕಂಪ್ಯೂಟರ್ ಕೇಳಿ ಮುಂದಕ್ಕೆ ತಳ್ತಿದೆ. ತಾನೇ ಸರಿ, ಗಡಿಯಾರ ತಪ್ಪಾಗಿದೆ ಅಂತ ಎರಡೂ ನಂಬ್ಕೊಂಡಿವೆ. ಇವೆರಡನ್ನೂ ಇಟ್ಟಿದ್ದು ಯಾರು?"

ಅಲ್ಲಿ ಬೇರೆ ಯಾರೂ ಇರಲಿಲ್ಲ. ಅಳುತ್ತಿದ್ದ ಹುಡುಗಿಯರು ಧನಪಾಲನ ಕಣ್ಣಮುಂದೆ ಬಂದರು. ಅವನ ಗಂಟಲಲ್ಲಿ ಇಷ್ಟು ವರ್ಷ ಸಿಕ್ಕಿಕೊಂಡಿದ್ದ ಮಾತು ಆಗ ಸಡಿಲಾಯಿತು.

"ನಾನೇ ಮೇಡಂ. ನಂಗೆ ಲಿನಕ್ಸ್ ಬರಲ್ಲ. ಏನೂ ಬರಲ್ಲ. ಬರಲ್ಲ ಅಂದಿದ್ರೆ ಕೆಲಸ ಹೋಗೋದು."

ಭುವನಾರ ಸಿಟ್ಟು ಅರ್ಧಕ್ಕೆ ಇಳಿಯಿತು. ಮೊಬೈಲು ತೆಗೆದು ನೋಡಿದರು. "ಇಂಟರ್ನೆಟ್ಟಿಂದೇ ಸರಿ. ಆ ಇನ್ನೊಂದು ಕಂಪ್ಯೂಟರ್ ಹತ್ತು ನಿಮಿಷ ಮುಂದಿದೆ. ಅದು ಯಾರದು?"

"ಅಧ್ಯಕ್ಷರದು."

"ಹಾಗಾದ್ರೆ ಕ್ರೋನಿ ತೆಗೀಬೇಕು. ಆದ್ರೆ ಅವರ ಗಡಿಯಾರ ತಪ್ಪು ಅಂತ ಅವರಿಗೆ ಹೇಳೋದು ನೀವೇ" ಎಂದು, ಅದನ್ನು ತೆಗೆಯುವ ಸಾಲನ್ನು ಚೀಟಿಯಲ್ಲಿ ಬರೆದುಕೊಟ್ಟು ಭುವನಾ ಎದ್ದರು.

ಧನಪಾಲ್ ತಕ್ಷಣ ಶಿವಪ್ರಸಾದನಿಗೆ ಫೋನು ಮಾಡಿ ವಿಷಯ ಹೇಳಿದ.  ಆ ಕಡೆಯಿಂದ ಪಿಸುಮಾತು: "ಧನಣ್ಣ, ಕಾಲಿಗೆ ಬೀಳ್ತೀನಿ. ಆ ಹತ್ತು ನಿಮಿಷ ಮುಂದಕ್ಕೆ ಇಟ್ಟಿರೋನು ನಾನೇ. ಅಧ್ಯಕ್ಷರಿಗೆ ಗೊತ್ತಿಲ್ಲ. ಗೊತ್ತಾದ್ರೆ ನನ್ನ ಕೆಲಸ ಹೋಯ್ತದೆ."

ತನ್ನ ಕೆಲಸ ಉಳಿಸಿಕೊಳ್ಳಲು ಹೊರಟ ಧನಪಾಲನ ಕೈಗೆ ಈಗ ಇನ್ನೊಬ್ಬನ ಕೆಲಸವೂ ಬಂತು. ರಾತ್ರಿ ಊಟ ಸೇರಲಿಲ್ಲ. "ಕಂಪ್ಯೂಟ್ರಿಗೆ ತೆಗೆದ ದೃಷ್ಟಿ ನಿಂಗೇ ತಗಲ್ತೇನೋ ಕಣಪ್ಪಾ" ಎಂದು ತಿಪ್ಪಮ್ಮ ನೊಂದುಕೊಂಡಳು.

ಚೀಟಿ ಬಳಸುವ ಧೈರ್ಯವಿಲ್ಲದೆ ಧನಪಾಲ್ ಎರಡು ದಿನ ತಳ್ಳಿದ. ಆ ಸಂಜೆ ಪಂಚಾಕ್ಷರಪ್ಪನವರು ಖುದ್ದು ತಪಾಸಣೆಗೆಂದು ಬಸ್ಸಿನಲ್ಲೇ ಬಂದಿಳಿದರು. ಚೀಲ, ಮೊಬೈಲು ಹಿಡಿದು ಹಿಂದೆ ಶಿವಪ್ರಸಾದ. ನಿಲ್ದಾಣದ ಬೆಂಚುಗಳನ್ನು ಸುತ್ತ ಎಳೆದು ಸಭೆ ಮಾಡಿದರು. ಬಸವೇಶ್, ರುದ್ರಮೂರ್ತಿ, ಹೋಟೆಲಿನವನು, ಬಸ್ಸಿಗೆ ಕಾಯುತ್ತಿದ್ದ ಜನ ಎಲ್ಲ ಸೇರಿದರು. ಧನಪಾಲ್ ಎದ್ದು ನಿಂತ.

"ತಪ್ಪು ನಂದೇ ಸಾರ್. ನಂಗೆ ಲಿನಕ್ಸ್ ಬರಲ್ಲ. ಇಂಟರ್ನೆಟ್ ಟೈಮನ್ನೂ ಇಟ್ಟೆ, ನಿಮ್ಮ ಕಚೇರಿ ಟೈಮನ್ನೂ ಇಟ್ಟೆ. ಎರಡೂ ಕಿತ್ತಾಡ್ಕಂಡ್ವು. ಬಸ್ಸಿನೋರದ್ದು ಯಾರದೂ ತಪ್ಪಿಲ್ಲ, ಕೆಂಪು ಗುರುತು ಅಳಿಸ್ಬಿಡಿ."

ಕಂಡಕ್ಟರುಗಳಿಬ್ಬರೂ ಅವನನ್ನು ಅಚ್ಚರಿಯಿಂದ ನೋಡಿದರು. ನಿಲ್ದಾಣದಲ್ಲಿ ಒಬ್ಬ ಮನುಷ್ಯ "ತಪ್ಪು ನಂದೇ" ಎಂದದ್ದನ್ನು ಅವರು ಕೇಳಿದ್ದು ಅದೇ ಮೊದಲು.

ಪಂಚಾಕ್ಷರಪ್ಪನವರು ತಲೆದೂಗಿದರು. "ಒಪ್ಕೊಂಡೆಯಲ್ಲ, ಒಳ್ಳೇದಾಯ್ತು. ಇದಕ್ಕೆ ಪರಿಹಾರ ಸುಲಭ. ಆ ಇಂಟರ್ನೆಟ್ ಟೈಮ್ ಕಿತ್ತಾಕು. ನಮ್ಮ ಕಚೇರಿ ಟೈಮೇ ಇರ್ಲಿ."

 ಅಲ್ಲಿದ್ದ ಎಲ್ಲರ ಜೇಬಿನಲ್ಲೂ ಮೊಬೈಲಿತ್ತು. ಅಧ್ಯಕ್ಷರ ಟೈಮು ಹತ್ತು ನಿಮಿಷ ಮುಂದೆ ಎಂಬುದು ಅಲ್ಲಿ ಒಬ್ಬರಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಧನಪಾಲ್ ಬಾಯಿ ತೆರೆದ. ಶಿವಪ್ರಸಾದನ ಮುಖ ಕಂಡಿತು. ಬಾಯಿ ಮುಚ್ಚಿದ.

"ಯಾಕೆ ಸುಮ್ನಾದೆ?" ಎಂದರು ಅಧ್ಯಕ್ಷರು.

"ರೈಲಿಳಿದು ಬರೋರಿಗೆ ಬಸ್ಸು ತಪ್ಪೋಯ್ತದೆ ಸಾರ್. ನಿಮ್ಮ ಟೈಮು… ಏನಂದ್ರೆ, ನಿಮ್ಮ ಟೈಮು ಬಹಳ ಒಳ್ಳೇ ಟೈಮು ಸಾರ್. ಆದ್ರೆ…"

ಆ 'ಆದ್ರೆ'ಯ ಮುಂದೆ ಹೋಗಲಾರದೆ ಅವನು ಒದ್ದಾಡುತ್ತಿರುವಾಗ, ಹಿಂದಿನಿಂದ ಚೀಲ ಕೆಳಗಿಟ್ಟ ಸದ್ದಾಯಿತು.

"ಆದ್ರೆ ಅದು ಹತ್ತು ನಿಮಿಷ ಮುಂದಿದೆ ಸಾರ್" ಎಂದ ಶಿವಪ್ರಸಾದ.  "ನಾನೇ ಇಟ್ಟಿದ್ದು. ಒಂದ್ಸಲ ಮಠದಲ್ಲಿ ಬುದ್ಧಿಯೋರು ನಿಮಗೆ ಕಾದು ಕಾದು ಪೂಜೆಗೆ ಎದ್ದು ಹೋದ್ರಲ್ಲ, ಅವತ್ತು ನಿಮ್ಮ ಮುಖ ನೋಡೋಕಾಗ್ಲಿಲ್ಲ. ಮಾರನೇ ದಿನದಿಂದ ಕಚೇರಿ ಗಡಿಯಾರ, ಕಂಪ್ಯೂಟ್ರು ಎಲ್ಲಾನೂ ಮುಂದಕ್ಕೆ ಇಟ್ಟೆ. ನೀವು ಕೈಗಡಿಯಾರ ಅದನ್ನೇ ನೋಡಿ ಇಟ್ಕಂತಿದ್ರಿ. ಅವತ್ತಿಂದ ಎಲ್ಲೂ ನಿಮಗೆ ತಡ ಆಗಿಲ್ಲ ಸಾರ್."

ಪಂಚಾಕ್ಷರಪ್ಪನವರು ಕೈಗಡಿಯಾರ ನೋಡಿದರು. ಬೋರ್ಡು ನೋಡಿದರು. ಜನ ಸಿಡಿಲಿಗೆ ಕಾದು ನಿಂತರು.

"ಅಂದ್ರೆ," ಎಂದರು ಅವರು ನಿಧಾನವಾಗಿ, "ನಾನು ಎಲ್ಲಾ ಕಡೆಗೂ ಸರಿಯಾದ ಟೈಮಿಗೆ ಹೋಗ್ತಾ ಇದ್ದೀನಾ?"

"ಹೌದು ಸಾರ್."

"ಅಯ್ಯೋ ಶಿವನೇ!" ಅಧ್ಯಕ್ಷರು ಬೆಂಚಿನ ಮೇಲೆ ಕುಸಿದರು. "ದೊಡ್ಡೋರು ಅಂದ್ಮೇಲೆ ಹತ್ತು ನಿಮಿಷ ತಡವಾಗಿ ಹೋಗ್ಬೇಕು, ಜನ ಕಾಯ್ಬೇಕು ಅಂತ ನಾನು ಲೆಕ್ಕ ಹಾಕಿ ಹಾಕಿ ಮನೆ ಬಿಡ್ತಿದ್ದೆ ಕಣೋ. ಅದಕ್ಕೇ ಹೋದಲ್ಲೆಲ್ಲ ಇನ್ನೂ ಜಮಖಾನ ಹಾಸ್ತಾ ಇರ್ತಿದ್ರು! ಮೊನ್ನೆ ಮದುವೇಲಿ ನಾನೇ ಕುರ್ಚಿ ಹಿಡಿದೆ! ಈ ಜನಕ್ಕೆ ಮರ್ಯಾದೆ ಇಲ್ಲ, ನನ್ನ ಕಿಮ್ಮತ್ತು ಇಳಿದೋಯ್ತು ಅಂತ ಇಷ್ಟು ವರ್ಷ ಒಳಗೊಳಗೇ ಕೊರಗಿದ್ದೀನಿ!"

ಮೊದಲು ನಕ್ಕವನು ರುದ್ರಮೂರ್ತಿ. ಬಸವೇಶ್ ಅವನ ಭುಜ ಹಿಡಿದು ನಕ್ಕ. ಎರಡು ಬಸ್ಸಿನ ಕಂಡಕ್ಟರುಗಳು ಒಬ್ಬರನ್ನೊಬ್ಬರು ಹೊಡೆಯುವುದಕ್ಕಲ್ಲದೆ ಮುಟ್ಟಿದ್ದನ್ನು ಊರು ಕಂಡದ್ದು ಆಗಲೇ. ನಗು ಬೆಂಚಿನಿಂದ ಬೆಂಚಿಗೆ ಹರಿದು, ಕೊನೆಗೆ ಪಂಚಾಕ್ಷರಪ್ಪನವರ ಹೊಟ್ಟೆಗೂ ತಲುಪಿತು. ಅವರು ಕಣ್ಣೊರೆಸಿಕೊಂಡು, "ಯಾರ ಕೆಲಸಾನೂ ಹೋಗಲ್ಲ. ಅವನಿಗೆ ಲಿನಕ್ಸ್ ಬರಲ್ಲ, ನಂಗೆ ಟೈಮ್ ನೋಡೋಕೇ ಬರಲ್ಲ. ಇಂಟರ್ನೆಟ್ ಟೈಮೇ ಇರ್ಲಿ" ಎಂದು ಹೋಟೆಲಿಗೆ ಕಾಫಿಗೆ ಎದ್ದರು.

ಧನಪಾಲ್ ಭುವನಾ ಬರೆದುಕೊಟ್ಟ ಸಾಲನ್ನು ಅಕ್ಷರ ಅಕ್ಷರ ನೋಡಿ ಟೈಪು ಮಾಡಿ ಕ್ರೋನಿಯನ್ನು ತೆಗೆದ. ಬೋರ್ಡು ಒಂದು ಸಲ ಹಿಂದಕ್ಕೆ ಸರಿದು, ಆಮೇಲೆ ಒಂದೊಂದೇ ನಿಮಿಷ ಮುಂದಕ್ಕೆ ನಡೆಯತೊಡಗಿತು. ಅವನು ಅದನ್ನು ಬಹಳ ಹೊತ್ತು ನಂಬದೆ ನೋಡಿದ.

ಅಷ್ಟರಲ್ಲಿ ಸ್ಪೀಕರು ತರೀಕೆರೆಗೆ ಹೊರಡುವ ಬಸ್ಸನ್ನು ಕೂಗಿತು. ಸಂಜೆಯ ಆ ಟ್ರಿಪ್ಪು ಗೌರಿಪುತ್ರದ್ದು. ರುದ್ರಮೂರ್ತಿ ಮೆಟ್ಟಿಲ ಮೇಲೆ ನಿಂತು ಕತ್ತು ಉದ್ದ ಮಾಡಿದ.

"ಧನಣ್ಣ, ಅಧ್ಯಕ್ಷರು ಇದೇ ಬಸ್ಸಿಗೆ ವಾಪಸ್ ಹೋಗ್ಬೇಕು. ಇನ್ನೂ ಕಾಫಿ ಕುಡೀತಾವ್ರೆ. ಏನ್ ಮಾಡ್ಲಿ?"

ಬಸ್ಸು ತುಂಬಿತ್ತು. ಕಿಟಕಿಯ ಪಕ್ಕ ಕಾಶಮ್ಮಜ್ಜಿ ಚೀಲ ಅಪ್ಪಿಕೊಂಡು ಕೂತಿದ್ದಳು. ಧನಪಾಲ್ ಹೋಟೆಲಿನ ಕಡೆ ನೋಡಿದ. ಅಧ್ಯಕ್ಷರು ಲೋಟದಿಂದ ಬಟ್ಟಲಿಗೆ ಸುರಿದು ಆರಿಸಿಕೊಳ್ಳುತ್ತಿದ್ದರು. ಮತ್ತೆ ಬೋರ್ಡು ನೋಡಿದ.

"ಟೈಮಾಯ್ತು. ಹೊರಡು" ಎಂದ.

"ಅಧ್ಯಕ್ಷರು ಕಣಣ್ಣ!"

"ಅದಕ್ಕೇ ಹೇಳ್ತಾ ಇರೋದು. ಹೊರಡು."

ಗೌರಿಪುತ್ರ ಹೊರಟಿತು. ಹೋಟೆಲಿನ ಬಾಗಿಲಿಗೆ ಪಂಚಾಕ್ಷರಪ್ಪನವರು ಬರುವುದಕ್ಕೂ ಬಸ್ಸಿನ ಬೆನ್ನು ತಿರುವಿನಲ್ಲಿ ಮರೆಯಾಗುವುದಕ್ಕೂ ಸರಿಹೋಯಿತು. ಶಿವಪ್ರಸಾದ ತಲೆಯ ಮೇಲೆ ಕೈ ಹೊತ್ತ. ಧನಪಾಲ್ ಎದ್ದು ನಿಂತು, ಏನಾದರೂ ಆಗಲಿ ಎಂದು ಕಣ್ಣು ನೆಲಕ್ಕೆ ನೆಟ್ಟ.

ಅಧ್ಯಕ್ಷರು ಖಾಲಿ ರಸ್ತೆಯನ್ನು ನೋಡಿದರು. ಬೋರ್ಡು ನೋಡಿದರು. ಅವರ ಮುಖದ ಮೇಲೆ ನಿಧಾನವಾಗಿ ಒಂದು ತೃಪ್ತಿ ಮೂಡಿತು. ಶಿವಪ್ರಸಾದನಿಂದ ಮನೆಯ ನಂಬರು ಒತ್ತಿಸಿ ಮೊಬೈಲನ್ನು ತಾವೇ ಕೈಗೆ ತೆಗೆದುಕೊಂಡರು.

"ನೋಡೇ, ಊಟಕ್ಕೆ ಕಾಯ್ತಾ ಇರಿ. ನಂಗೆ ಲೇಟಾಯ್ತು." ಆ ಕಡೆಯ ಮಾತು ಕೇಳಿಸಿಕೊಂಡು, ಎದೆಯುಬ್ಬಿಸಿ ಹೇಳಿದರು: "ಹ್ಞೂ ಕಣೇ. ಈ ಸಲ ನಿಜವಾಗ್ಲೂ ಲೇಟು."